ಕಮಾನು ಏರದ ಎರಡು ಕಂಬಗಳು

ನಮ್ಮ ಟ್ರಸ್ಟಿನ ಅಧಿಕೃತ ಇತಿಹಾಸ ಹೀಗೆ ಶುರುವಾಗುತ್ತದೆ: ಒಂದು ಸಂಜೆ ಕೆಲವು ಪರಿಸರಪ್ರೇಮಿ ಮಿತ್ರರು ಕೆರೆ ಏರಿಯ ಮೇಲೆ ಕುಳಿತಿದ್ದರು. ಸೂರ್ಯ ಮುಳುಗುತ್ತಿದ್ದ. ಕೊಕ್ಕರೆಗಳ ಸಾಲೊಂದು ನೀರಿನ ಮೇಲೆ ಹಾದುಹೋಯಿತು. ಆಗ ಅವರಲ್ಲೊಬ್ಬರು ನಿಟ್ಟುಸಿರಿಟ್ಟು, ‘ಈ ದಡವನ್ನು ಮುಂದಿನ ಪೀಳಿಗೆಗೆ ಉಳಿಸಬೇಕು’ ಎಂದರು.

ಪ್ರತಿ ವಾರ್ಷಿಕೋತ್ಸವದಲ್ಲೂ ಇದನ್ನು ಓದುತ್ತಿದ್ದರು. ಓದುವವರ ಗಂಟಲು ಪ್ರತಿ ಸಲವೂ ನಿಟ್ಟುಸಿರಿನ ಹತ್ತಿರವೇ ಕಟ್ಟುತ್ತಿತ್ತು. ಆ ವರ್ಷ ಕೆರೆಯಲ್ಲಿ ನೀರೆಲ್ಲಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ. ತೊಂಬತ್ತರ ದಶಕದ ಆ ನಡುವಿನ ವರ್ಷಗಳಲ್ಲಿ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಏರಿಯ ಮೇಲೆ ಕೂತವರಿಗೆ ಕಾಣುತ್ತಿದ್ದುದು ಕೊಕ್ಕರೆಯಲ್ಲ, ವಿಕೆಟ್ಟೆಂದು ನೆಟ್ಟ ಜಾಲಿ ಕೋಲು.

ನಾನು ಹೇಳಲಿರುವುದಷ್ಟೇ ನಿಜ ಎಂದು ಹಟವೇನಿಲ್ಲ. ನನ್ನ ನೆನಪಿನೊಳಗೂ ಎಲ್ಲೋ ಒಂದು ಕೊಕ್ಕರೆ ನುಸುಳಿಕೊಂಡಿರಬಹುದು. ಕಂಡಲ್ಲಿ ಓಡಿಸುತ್ತ ಹೋಗುತ್ತೇನೆ.

ಟ್ರಸ್ಟು ಹುಟ್ಟಿದ್ದು ಏರಿಯ ಮೇಲಲ್ಲ, ಚಳ್ಳಕೆರೆಯ ಒಂದು ಅಡತಿ ಅಂಗಡಿಯಲ್ಲಿ, ಶೇಂಗಾ ಚೀಲಗಳ ಪಕ್ಕದಲ್ಲಿ, ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ. ಅಂಗಡಿಯ ಸಾಹುಕಾರರು ನಮಗೆ ದೂರದ ನೆಂಟರು. ಅವರ ಎದುರು ಅಂಗಡಿಯವನು ಯಾವುದೋ ಸೇವಾ ಕ್ಲಬ್ಬಿನ ಅಧ್ಯಕ್ಷನಾಗಿ, ಹಾರ ಹಾಕಿಸಿಕೊಂಡು, ಪೇಪರಿನಲ್ಲಿ ಬಂದಿದ್ದ. ಆ ಫೋಟೋ ನೋಡಿದಂದಿನಿಂದ ಇವರಿಗೆ ಅನ್ನ ಸೇರುತ್ತಿರಲಿಲ್ಲ.

‘ಅವನು ಕಣ್ಣಿನ ಶಿಬಿರ ಮಾಡ್ತಾನೆ. ನಾವೇನು ಮಾಡಾಣ?’ ಎಂದರು ಸಾಹುಕಾರರು.

‘ಗಿಡ ನೆಡಾಣ ಬಿಡ್ರಿ,’ ಎಂದೆ ನಾನು.

‘ಗಿಡ ಎಲ್ರೂ ನೆಡ್ತಾರೆ ಕಣಲೇ. ಯಾರೂ ಮಾಡದೇ ಇರಾದು ಏನೈತೆ ಅದನ್ನ ಹೇಳು.’

ಅಲ್ಲಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು. ಮೊಳಕಾಲ್ಮೂರಿನ ಕಡೆಯವರು. ನಿವೃತ್ತಿಯಾದ ಮೇಲೂ ಕೊರಳಲ್ಲಿ ಸೀಟಿ ತೂಗಾಡುತ್ತಿತ್ತು. ಅವರು ಮೆಣಸಿನಕಾಯಿಯ ತೊಟ್ಟನ್ನು ಪಕ್ಕಕ್ಕಿಟ್ಟು, ‘ಕಾಡು ಉಳ್ಸಾದು,’ ಎಂದರು.

‘ನಮ್ಮಲ್ಲಿ ಕಾಡು ಎಲ್ಲೈತ್ರೀ ಮೇಷ್ಟ್ರೇ?’

‘ಅದೇ ಅನುಕೂಲ. ಇದ್ದಿದ್ರೆ ಫಾರೆಸ್ಟ್‌ನೋರು ಅಡ್ಡ ಬರ್ತಿದ್ರು.’

ಇಷ್ಟೇ. ಸಾಹುಕಾರರು ಅಧ್ಯಕ್ಷರಾದರು, ಮೇಷ್ಟ್ರು ಕಾರ್ಯದರ್ಶಿಯಾದರು. ನಾನು ಆಗ ಪೂರ್ಣವಿರಾಮವಿಲ್ಲದ ಪದ್ಯ ಬರೆಯುತ್ತಿದ್ದೆನಾದ್ದರಿಂದ, ‘ನಿನಗೆ ಹೆಂಗೂ ಬರೆಯೋ ಚಟ ಐತಲ್ಲ’ ಎಂದು ಪ್ರಚಾರ ಕಾರ್ಯದರ್ಶಿ ಮಾಡಿದರು. ಟ್ರಸ್ಟಿಗೆ ಲೆಟರ್‌ಹೆಡ್ ಬಂತು, ರಬ್ಬರ್ ಸ್ಟಾಂಪ್ ಬಂತು. ಉಳಿಸುವುದಕ್ಕೆ ಜಾಗವೊಂದು ಬರಬೇಕಿತ್ತು.

ಆ ಜಾಗ ನನ್ನ ದೊಡ್ಡವ್ವನದು.

ದೊಡ್ಡವ್ವ ಎಂದರೆ ನನ್ನಪ್ಪನ ಅಣ್ಣನ ಹೆಂಡತಿ. ಮೊಳಕಾಲ್ಮೂರಿನತ್ತ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಊರಿನ ಹೆಣ್ಣು. ಮದುವೆಯಲ್ಲಿ ತವರಿನವರು ಅರಿಶಿಣ ಕುಂಕುಮಕ್ಕೆಂದು ನಾಲ್ಕೆಕರೆ ಬರೆದುಕೊಟ್ಟಿದ್ದರು. ಕೆರೆಯ ಮೇಲುದಡದ ನೆಲ. ಕೆರೆ ತುಂಬಿದ ವರ್ಷ ಅದರ ಕಾಲು ಭಾಗ ಮುಳುಗುತ್ತದೆ ಎನ್ನುತ್ತಿದ್ದರು. ಕೆರೆ ತುಂಬುವುದೇ ಅಪರೂಪವಾದ್ದರಿಂದ ಅದನ್ನು ಕಂಡವರೂ ಅಪರೂಪ. ಉಳಿದಂತೆ ಅಲ್ಲಿ ಬಂದರೆ ಎಂಬ ಕುರುಚಲು ಗಿಡ, ಕಾರೆ ಮುಳ್ಳು, ಕವಳೆ ಪೊದೆ, ಮೊಣಕಾಲೆತ್ತರದ ಹುಲ್ಲು. ಕಾಲಿಟ್ಟರೆ ಲಾವಕ್ಕಿಗಳು ಬುರ್ರೆಂದು ಏಳುತ್ತಿದ್ದವು. ಅದನ್ನು ಯಾರೂ ಉತ್ತಿರಲಿಲ್ಲ. ತವರಿನವರಿಗೆ ಅದು ಕೊಟ್ಟ ಹೆಣ್ಣಿನದು, ಮುಟ್ಟುವಂತಿಲ್ಲ. ಗಂಡನ ಮನೆಯವರಿಗೆ ದೂರ. ಹಾಗಾಗಿ ಅದು ಉಳಿದುಕೊಂಡಿತ್ತು. ಯಾರ ಪ್ರೀತಿಯಿಂದಲೂ ಅಲ್ಲ.

ವರ್ಷಕ್ಕೆರಡು ಮೂರು ಸಲ ದೊಡ್ಡವ್ವ ನನ್ನ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಹೋಗುತ್ತಿದ್ದಳು. ಹೋಗಿ ಒಂದು ಬಂಡೆಯ ಮೇಲೆ ಕೂರುವಳು. ಪೂಜೆಯಿಲ್ಲ, ಬುತ್ತಿಯಿಲ್ಲ. ಏನು ಮಾಡ್ತೀಯ ಇಲ್ಲಿ ಎಂದು ಒಮ್ಮೆ ಕೇಳಿದೆ.

‘ಇಲ್ಲಿ ಯಾರೂ ಚಾ ಕೇಳಲ್ಲ ಕಣೋ,’ ಎಂದಳು.

ನಮ್ಮ ಮನೆ ಎಣ್ಣೆ ಮಿಲ್ಲಿನ ಮನೆ. ಲಾರಿ ಡ್ರೈವರಿನಿಂದ ಹಿಡಿದು ಸ್ವಾಮಿಗಳ ಶಿಷ್ಯರವರೆಗೆ ಬಂದವರೆಲ್ಲ ಪಡಸಾಲೆಯಲ್ಲಿ ಕೂತು ಚಾ ಕೇಳುತ್ತಿದ್ದರು. ಅವಳ ಆಯಸ್ಸು ಒಲೆಯ ಮುಂದೆ ಹೇಗೆ ಹೋಯಿತು ಎಂಬುದನ್ನು ಕರುಣಾಜನಕವಾಗಿ ಬರೆಯಬಹುದು. ಅವಳು ಕರುಣಾಜನಕಳಾಗಿರಲಿಲ್ಲ. ನಾಲಿಗೆ ಕತ್ತಿಯಂತಿತ್ತು. ಅವಳಿಗೆ ಬೇಕಿದ್ದುದು ಒಂದೇ: ಆ ನಾಲ್ಕೆಕರೆ ಇದ್ದ ಹಾಗೇ ಇರಬೇಕು. ಅವಳ ಇಬ್ಬರು ಗಂಡುಮಕ್ಕಳಿಗೆ ಅಲ್ಲಿ ಡೋಜರ್ ಬಿಟ್ಟು ದಾಳಿಂಬೆ ಹಾಕುವ ಆಸೆ. ತಾನಿರುವಾಗಲೇ ಅವರ ಕೈಗೆ ಸಿಗದ ಹಾಗೆ ಮಾಡಬೇಕೆಂದು ಅವಳು ದಾರಿ ಹುಡುಕುತ್ತಿದ್ದಾಗ, ಕಾಡು ಹುಡುಕುತ್ತಿದ್ದ ಟ್ರಸ್ಟು ಎದುರಾಯಿತು. ಪರಿಚಯಿಸಿದವನು ನಾನು.

ನೋಂದಣಿ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಪತ್ರ ಬರೆಯುವವನೊಬ್ಬ ಕೂರುತ್ತಿದ್ದ. ಅವನು ಕೇಳಿದ: ‘ಏನು ಮಾಡಾಕೆ ಅಂತ ಕೊಡ್ತಿದೀರಿ ತಾಯಿ?’

‘ಏನೂ ಮಾಡದೇ ಇರಾಕೆ,’ ಎಂದಳು ದೊಡ್ಡವ್ವ.

‘ಹಂಗೆ ಬರಿಯಾಕೆ ಬರಲ್ಲ ಕಣವ್ವಾ. ಶಾಲಿಗೋ, ಗುಡಿಗೋ, ಏನಾರ ಒಂದು ಹೇಳು.’

‘ಉಳಾದು ಬೇಡ, ಕಟ್ಟಾದು ಬೇಡ, ಕಡಿಯಾದು ಬೇಡ. ಇದ್ದಂಗೆ ಇರ್ಲಿ. ಬರಕ.’

ಅವನು ಬರೆದು ಓದಿ ಹೇಳಿದ. ‘ಯಥಾಸ್ಥಿತಿಯಲ್ಲಿ ಸಂರಕ್ಷಿಸಿ ಅಭಿವೃದ್ಧಿಪಡಿಸುವ ಸಲುವಾಗಿ’ ಎಂದಿತ್ತು.

‘ಆ ಕೊನೇದು ಯಾಕೆ?’

‘ಅದು ಎಲ್ಲಾ ಪತ್ರಕ್ಕೂ ಇರ್ತೈತವ್ವಾ. ಮೇಲೆ ಶ್ರೀ ಅಂತ ಬರ್ಯಲ್ವಾ, ಹಂಗೆ.’

ಅವಳು ಅಧ್ಯಕ್ಷರ ಮುಖ ನೋಡಿದಳು. ಅಧ್ಯಕ್ಷರು ಕೈಮುಗಿದು, ‘ನಾವು ಅಲ್ಲೊಂದು ಕಡ್ಡಿ ಅಲ್ಲಾಡ್ಸಲ್ಲ ಅತ್ತಿಗೆಮ್ಮ,’ ಎಂದರು. ಅವಳು ಸಹಿ ಹಾಕಿದಳು.

ಮರುವಾರವೇ ಶ್ರಮದಾನ.

ನಮ್ಮ ಜನರಿಗೆ ಒಂದು ಜಾಗವನ್ನು ಕಾಪಾಡುವುದೆಂದರೆ ಗುಡಿಸುವುದು. ಇದನ್ನು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ. ಭಾನುವಾರ ಬೆಳಿಗ್ಗೆ ಮಂಡಿಯ ಹಮಾಲರ ಲಾರಿಯಲ್ಲಿ ಸ್ವಯಂಸೇವಕರು ಬಂದಿಳಿದರು. ಬಿಳಿ ಬನಿಯನ್, ತಲೆಗೆ ಟವೆಲ್, ಕೈಯಲ್ಲಿ ಮಚ್ಚು. ಮೇಷ್ಟ್ರು ಸೀಟಿ ಊದಿದರು. ಲಾವಕ್ಕಿಗಳು ಆ ಸೀಟಿಗೇ ಊರು ಬಿಟ್ಟವು. ಇನ್ನೊಂದು ಸೀಟಿಗೆ ಆ ಬಂದರೆ ಗಿಡಗಳು ಹೋದವು, ಏಕೆಂದರೆ ಅವುಗಳಲ್ಲಿ ಹಾವಿರುತ್ತವೆ. ಕಾರೆ ಹೋಯಿತು, ಏಕೆಂದರೆ ಚುಚ್ಚುತ್ತದೆ. ಹುಲ್ಲಿಗೆ ಬೆಂಕಿ ಕೊಟ್ಟರು, ಏಕೆಂದರೆ ಒಣಗಿದೆ. ದೊಡ್ಡ ಡಬರಿಯಲ್ಲಿ ಉಪ್ಪಿಟ್ಟು ಬಂತು. ತಿಂದು, ಎಲೆ ಅಲ್ಲೇ ಎಸೆದು, ಮಧ್ಯಾಹ್ನ ಅಲಂಕಾರಕ್ಕೆ ನಿಂತರು. ಕಲ್ಲುಗಳನ್ನು ಆಯ್ದು ಸಾಲಾಗಿ ಜೋಡಿಸಿ ಸುಣ್ಣ ಬಳಿದರು. ಉಳಿದಿದ್ದ ನಾಲ್ಕಾರು ಮರಗಳ ಬುಡಕ್ಕೆ ಕೆಂಪು ಬಿಳಿ ಪಟ್ಟೆ. ನಟ್ಟನಡುವೆ ಒಂದು ಬೋರ್ಡು: ‘ನಿಸರ್ಗವನ್ನು ಹಾಳುಮಾಡಬೇಡಿ.’

ಬೋಳು ಮಾಡಿದ ಜಾಗದಲ್ಲಿ ಸಾಲು ಗುಂಡಿ ತೋಡಿ ನರ್ಸರಿಯಿಂದ ತಂದ ಸಸಿ ನೆಟ್ಟರು. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, ‘ಮೇಕಲಕು ಟಿಫನ್ ಪೆಟ್ಟಿನಾರಾ ಸಾಮೀ?’ ಎಂದು ಕೇಳಿದಳು. ಮೇಕೆಗಳಿಗೆ ತಿಂಡಿ ಇಟ್ಟಿದ್ದೀರಾ ಎಂದು. ಮೇಷ್ಟ್ರಿಗೆ ತೆಲುಗು ಮನೆಮಾತಿನಷ್ಟೇ ಚೆನ್ನಾಗಿ ಬರುತ್ತಿತ್ತು. ಅವರು ಬರದವರ ಹಾಗೆ ಸೀಟಿ ಊದಿದರು.

ಸಂಜೆ ಮಿಲ್ಲಿನ ಜೀಪಿನಲ್ಲಿ ಅವ್ವ ಮತ್ತು ದೊಡ್ಡವ್ವ ಬಂದರು. ದೊಡ್ಡವ್ವ ಇಳಿದವಳು ಅಲ್ಲೇ ನಿಂತಳು. ಕೂರುವ ಬಂಡೆಗೂ ಸುಣ್ಣ ಬಳಿದಿದ್ದರು.

‘ಹೆಂಗೈತೆ ಅತ್ತಿಗೆಮ್ಮ?’ ಎಂದರು ಅಧ್ಯಕ್ಷರು, ಸೊಂಟದ ಮೇಲೆ ಕೈಯಿಟ್ಟು.

‘ಹೆಣ ಎತ್ತಿದ ಮೇಲೆ ಅಂಗಳ ಸಾರಿಸಿರ್ತಾರಲ್ಲ, ಹಂಗೈತೆ.’

ಅಧ್ಯಕ್ಷರು ಎಲ್ಲರ ಕಡೆ ತಿರುಗಿ ನಕ್ಕರು. ‘ಅಷ್ಟು ಕ್ಲೀನಾಗೈತೆ ಅಂತಿದಾರೆ ನೋಡ್ರಪ್ಪ!’ ಚಪ್ಪಾಳೆಯಾಯಿತು. ಇದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಆ ಚಪ್ಪಾಳೆಯಲ್ಲಿ ನನ್ನದೂ ಇತ್ತೇ ಎಂಬುದು ಸ್ಪಷ್ಟವಾಗಿಲ್ಲ. ನೆನಪು ಇಂಥಲ್ಲೇ ಕೈ ಜೇಬಿಗಿಳಿಸಿ ನಿಲ್ಲುತ್ತದೆ.

ಮಳೆಗಾಲದಲ್ಲಿ ಬಂದರೆ ಗಿಡ ಬುಡದಿಂದ ಚಿಗುರಿತು. ಸಸಿಗಳು ಮೇಕೆಗಳಿಗೆ ತಿಂಡಿಯಾದವು. ಸುಣ್ಣ ತೊಳೆದುಹೋಯಿತು. ‘ಬೇರಾದ್ರೂ ಬಿಟ್ಟವ್ರೆ, ಪುಣ್ಯಾತ್ಮರು,’ ಎಂದಳು ದೊಡ್ಡವ್ವ. ಅಷ್ಟಕ್ಕೇ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಕೈ ಕಟ್ಟಿ ಕೂರುವ ಸ್ವಯಂಸೇವಕನನ್ನು ನಮ್ಮ ತಾಲೂಕು ಇನ್ನೂ ಹೆತ್ತಿಲ್ಲ.

ಟ್ರಸ್ಟಿನ ಸಭೆಗಳು ಒಂದು ದಿನಸಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದವು. ಅಲ್ಲಿನ ಎರಡು ಫ್ಯಾನುಗಳನ್ನು ಅಧ್ಯಕ್ಷರೂ ಮೇಷ್ಟ್ರೂ ಒಂದೊಂದು ಕೊಡಿಸಿದ್ದರು. ಪ್ರತಿ ರೆಕ್ಕೆಯ ಮೇಲೂ ಕೆಂಪು ಪೇಂಟಿನಲ್ಲಿ ಕೊಟ್ಟವರ ಹೆಸರು. ತಿರುಗಿದರೆ ಹೆಸರು ಕಾಣುವುದಿಲ್ಲವಾದ್ದರಿಂದ ಅತಿಥಿಗಳು ಬಂದಾಗ ಫ್ಯಾನು ಹಾಕುತ್ತಿರಲಿಲ್ಲ. ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ ಮುಖ್ಯ ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿ, ಓದಿ, ತಲೆದೂಗುತ್ತಿದ್ದರು.

ಆ ಕೋಣೆಯಲ್ಲಿ ಧ್ಯಾನ ಮಂದಿರದ ಮಾತು ಎದ್ದಿತು. ದಡದ ನಾಲ್ಕೆಕರೆಯ ನಡುವೆ ದೊಡ್ಡದೊಂದು ಹಾಲ್.

‘ಜನ ಬಂದು ನಿಸರ್ಗದ ಮೌನ ಅನುಭವಿಸಬೇಕು ಅಂದ್ರೆ ಒಂದು ಹಾಲ್ ಬೇಕು. ನೆಲಕ್ಕೆ ಟೈಲ್ಸ್ ಬೇಕು, ಮೈಕ್ ಬೇಕು,’ ಎಂದರು ಮೇಷ್ಟ್ರು.

‘ಮೌನಕ್ಕೆ ಮೈಕ್ ಯಾಕ್ರೀ?’

‘ಮೌನವಾಗಿರ್ರಿ ಅಂತ ಹೇಳಾಕೆ.’

ಆ ಪ್ರಶ್ನೆ ನಾನು ಕೇಳಿದೆನೋ, ಕೇಳಬೇಕಿತ್ತೆಂದು ಮನೆಗೆ ಬಂದ ಮೇಲೆ ಅನಿಸಿತೋ, ಖಾತ್ರಿಯಿಲ್ಲ. ಉತ್ತರ ಮಾತ್ರ ಮೇಷ್ಟ್ರದೇ. ಅಂಥದ್ದನ್ನು ಹುಟ್ಟಿಸುವ ಶಕ್ತಿ ನನಗಿಲ್ಲ.

ದೊಡ್ಡವ್ವನಿಗೆ ಸುದ್ದಿ ಮುಟ್ಟಿತು. ಅವಳು ಅಧ್ಯಕ್ಷರನ್ನು ಕರೆಸಿ ಕೇಳಿದಳು. ಅಧ್ಯಕ್ಷರು ಪತ್ರದಲ್ಲಿನ ‘ಅಭಿವೃದ್ಧಿ’ಯನ್ನು ನೆನಪಿಸಿದರು. ಮೇಷ್ಟ್ರನ್ನು ಕರೆಸಿದಳು. ಮೇಷ್ಟ್ರು, ‘ನಿಮ್ಮ ಹೆಸರಲ್ಲೇ ಒಂದು ರೂಮ್ ಕಟ್ಟಿಸ್ತೀವಿ ತಾಯಿ,’ ಎಂದರು. ‘ರೂಮ್ ಬೇಕಿದ್ರೆ ನಾನು ಮನೇಲೇ ಇರ್ತಿದ್ದೆ,’ ಎಂದಳು. ಅದನ್ನು ಅವರು ಹಾಸ್ಯವೆಂದು ತಿಳಿದರು.

ಮೊದಲು ಕಮಾನು, ಆಮೇಲೆ ಮಂದಿರ ಎಂದು ತೀರ್ಮಾನವಾಯಿತು. ಬೇಲಿಯಿಲ್ಲದ ಬಯಲಿಗೆ ಮಹಾದ್ವಾರ. ಮರಳು ಬಿತ್ತು, ಸಿಮೆಂಟು ಚೀಲ ಬಿದ್ದವು, ಎರಡು ಕಂಬಗಳು ಆಳೆತ್ತರ ದಾಟಿ ಮೇಲೆದ್ದವು. ಮೇಲೆ ಕಮಾನು ಕೂರಿಸಿ, ಅದಕ್ಕೊಂದು ಗ್ರಾನೈಟ್ ಹಲಗೆ. ಹಲಗೆಯ ಮೇಲೆ ಸಂಸ್ಥಾಪಕರ ಹೆಸರು.

ಇಲ್ಲಿ ಇತಿಹಾಸ ಅಡ್ಡ ಬಂತು. ‘ಅವರಲ್ಲೊಬ್ಬರು ನಿಟ್ಟುಸಿರಿಟ್ಟು’ ಎಂದು ವರ್ಷ ವರ್ಷ ಓದಿಸಿದ್ದರಲ್ಲ, ಆ ಒಬ್ಬರು ಯಾರು? ಅವರೇ ತಾನೇ ಸಂಸ್ಥಾಪಕರು? ಅಧ್ಯಕ್ಷರು ನಿಟ್ಟುಸಿರು ತಮ್ಮದೆಂದರು. ಮೇಷ್ಟ್ರು, ‘ಅದನ್ನ ಬರೆದೋನೇ ನಾನು, ನನ್ನ ನಿಟ್ಟುಸಿರು ನನಗೆ ಗೊತ್ತಿಲ್ವಾ?’ ಎಂದರು. ಎಂದೂ ನಡೆಯದ ಒಂದು ಸಂಜೆಯಲ್ಲಿ, ಇಲ್ಲದ ನೀರಿನ ಮುಂದೆ, ಯಾರೂ ಬಿಡದ ಉಸಿರಿಗೆ ಇಬ್ಬರು ವಾರಸುದಾರರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ಸೋಜಿಗ. ಓದಿ ಓದಿ ಕೇಳಿ ಕೇಳಿ ಇಬ್ಬರಿಗೂ ಆ ಸಂಜೆ ನೆನಪಾಗುತ್ತಿತ್ತು. ತಂಗಾಳಿಯಿತ್ತು ಎಂದು ಒಬ್ಬರು. ಮೋಡವಿತ್ತು ಎಂದು ಇನ್ನೊಬ್ಬರು.

ಭೂಮಿ ಕೊಟ್ಟವಳು ದೊಡ್ಡವ್ವನೇ ಆದ್ದರಿಂದ ಅವಳ ಮಾತೇ ಕೊನೆ ಎಂದಾಯಿತು. ಮೊದಲು ಅಧ್ಯಕ್ಷರು ಬಂದರು. ಪಡಸಾಲೆಯಲ್ಲಿ ಕೂತರು. ಚಾ ಆಯಿತು.

‘ಅತ್ತಿಗೆಮ್ಮ, ನೀವೇ ಹೇಳ್ರಿ. ಅವತ್ತು ಏರಿ ಮ್ಯಾಲೆ ಉಸಿರುಬಿಟ್ಟೋರು ಯಾರು?’

‘ನೀವೇ ಅಲ್ವೇನ್ರೀ? ನನಗೆ ಇಲ್ಲೀಗೇ ಕೇಳಿಸ್ತು,’ ಎಂದಳು ದೊಡ್ಡವ್ವ.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಚಾ ಆಯಿತು. ಅವರಿಗೂ ಅದೇ ಮಾತು: ‘ನೀವೇ ಮೇಷ್ಟ್ರೇ. ಸೀಟಿ ಊದಿದಂಗೆ ಇತ್ತು.’

ಹೀಗೆಂದು ನನ್ನ ನೆನಪು. ಅವ್ವ ಒಪ್ಪುವುದಿಲ್ಲ. ಅವಳ ಪ್ರಕಾರ ದೊಡ್ಡವ್ವ ಮೊರದಲ್ಲಿ ತೊಗರಿಬೇಳೆ ಕೇರುತ್ತ ಇಬ್ಬರಿಗೂ ‘ಹೂಂ’ ಎಂದಳು, ಅಷ್ಟೇ. ಮೇಷ್ಟ್ರು ತಾವಿರುವವರೆಗೂ, ಆಕೆ ಕೊರಳ ಲಿಂಗ ಮುಟ್ಟಿ ಆಣೆಯಿಟ್ಟಳೆಂದೇ ಹೇಳಿದರು. ನಾನು ಪಕ್ಕದ ಕೋಣೆಯಲ್ಲಿದ್ದೆನೆಂಬುದು ನನಗೆ ಪಕ್ಕಾ. ಆದರೆ ಪಕ್ಕಾ ನೆನಪುಗಳೇ ನನಗೆ ಹೆಚ್ಚು ಕೈಕೊಟ್ಟಿರುವುದು. ಹೂಂ ಅಂದಳೋ ಆಣೆಯಿಟ್ಟಳೋ, ಪರಿಣಾಮ ಒಂದೇ. ಮುಂದಿನ ಸಭೆಯಲ್ಲಿ ಇಬ್ಬರೂ ಆಕೆಯ ಮಾತನ್ನೇ ಹಿಡಿದು ಎದ್ದು ನಿಂತರು.

‘ಆಯಮ್ಮ ನಿನಗೂ ಹೇಳಿದ್ಲಾ? ಸುಳ್ಳು ಕಣಲೇ!’

‘ಲೇ ಗೀ ಅನ್ಬೇಡ್ರಿ. ನಾನು ಸರ್ಕಾರಿ ಸಂಬಳ ತಿಂದೋನು!’

‘ತಿಂದಿದ್ದೇ ಆತು ನೀನು. ನಮ್ಮ ಉಪ್ಪಿಟ್ಟೂ ತಿಂದೆ.’

ಮೇಷ್ಟ್ರು ಕುರ್ಚಿ ಹತ್ತಿ ತಮ್ಮ ಫ್ಯಾನು ಬಿಚ್ಚಿಕೊಂಡು ಹೋದರು. ಇದು ಅಲಂಕಾರವಲ್ಲ. ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅವರು ಮೊಳಕಾಲ್ಮೂರು ಬಸ್ಸು ಹತ್ತಿದ್ದನ್ನು ನಾನು ಕಂಡಿದ್ದೇನೆ.

ಟ್ರಸ್ಟು ಎರಡಾಯಿತು. ಅಧ್ಯಕ್ಷರ ಟ್ರಸ್ಟಿಗೆ ಲೆಟರ್‌ಹೆಡ್, ಮೇಷ್ಟ್ರ ಟ್ರಸ್ಟಿಗೆ ರಬ್ಬರ್ ಸ್ಟಾಂಪು. ಇವರ ಗೈರುಹಾಜರಿಯಲ್ಲಿ ಅವರು ಒಂದು ಇಟ್ಟಿಗೆ ಇಡುವಂತಿಲ್ಲ. ಅವರಿಲ್ಲದೆ ಇವರು ಒಂದು ಕಳೆ ಕೀಳುವಂತಿಲ್ಲ. ಒಬ್ಬರು ಹೋದ ದಿನ ಇನ್ನೊಬ್ಬರು ತಕರಾರು ಕೊಡುತ್ತಿದ್ದರು. ಕೊನೆಗೆ ಇಬ್ಬರೂ ಹೋಗುವುದನ್ನೇ ಬಿಟ್ಟರು. ಸಿಮೆಂಟು ಚೀಲದಲ್ಲೇ ಕಲ್ಲಾಯಿತು. ಸೆಂಟ್ರಿಂಗ್ ಹಲಗೆಗಳನ್ನು ಯಾರೋ ಸೌದೆಗೆ ಒಯ್ದರು. ಎರಡು ಕಂಬ, ತಲೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಸರಳು, ನಡುವೆ ಆಕಾಶ. ಬಂದರೆ ಗಿಡ ಕಂಬದ ಬುಡದವರೆಗೆ ಹಬ್ಬಿತು. ಲಾವಕ್ಕಿಗಳು ಮರಳಿದವು. ಸಸಿ ನೆಡುವವರಿಲ್ಲದ್ದರಿಂದ ಹುಲ್ಲು ಬೆಳೆಯಿತು.

ಆ ವರ್ಷವೋ ಮುಂದಿನ ವರ್ಷವೋ ದೊಡ್ಡವ್ವನನ್ನು ಕರೆದುಕೊಂಡು ಹೋದೆ. ನಾನು ಕಂಬಗಳ ನಡುವಿನಿಂದ ನಡೆದೆ. ಅವಳು ಪಕ್ಕದಿಂದ ಸುತ್ತಿ ಬಂದಳು.

‘ಬಯಲು ಇಷ್ಟಗಲ ಐತೆ. ಅದರೊಳಗೇ ನುಸೀಬೇಕೇನೋ ನೀನು?’

ಬಂಡೆಯ ಮೇಲಿನ ಸುಣ್ಣ ಅಲ್ಲಲ್ಲಿ ಇನ್ನೂ ಇತ್ತು. ಕೂತಳು.

‘ಬೇಕಂತಲೇ ಹೇಳಿದ್ಯಾ ದೊಡ್ಡವ್ವ, ಇಬ್ರಿಗೂ?’

‘ಏನು?’

‘ಆ ಉಸಿರಿಂದು.’

‘ಬಂದೋರು ಚಾ ಕುಡಿದು ಬೇಗ ಎದ್ದೋಗ್ಲಿ ಅಂತ ಏನೋ ಅಂದಿದ್ದಪ್ಪ. ಸುಮ್ಕೆ ಕೂತ್ಕ ಈಗ.’

ಕೂತೆ. ಬೇರೇನೂ ನಡೆಯಲಿಲ್ಲ.

ಆಮೇಲೆ ಹತ್ತಿರದ ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಬರುತ್ತವೆಂಬ ಮಾತೆದ್ದು, ಬೆಂಗಾಡಿಗೂ ದಲ್ಲಾಳಿಗಳು ಬಂದರು. ಅಧ್ಯಕ್ಷರ ಟ್ರಸ್ಟು ದಡವನ್ನು ಯಾರಿಗೋ ರೆಸಾರ್ಟಿಗೆ ಕೊಡಲು ಹೊರಟಿತು. ಮೇಷ್ಟ್ರ ಟ್ರಸ್ಟು ನಿಸರ್ಗದ ಹೆಸರಿನಲ್ಲಿ ಅಡ್ಡ ಬಿದ್ದಿತು. ಮೇಷ್ಟ್ರು ಇನ್ನಾರಿಗೋ ಕೊಡಲು ಹೊರಟಾಗ ಅಧ್ಯಕ್ಷರಿಗೆ ನಿಸರ್ಗ ನೆನಪಾಯಿತು. ದೊಡ್ಡವ್ವನ ಮಕ್ಕಳು ಹಿಂದಕ್ಕೆ ಕೇಳಿದಾಗ ಮಾತ್ರ ಇಬ್ಬರೂ ಒಟ್ಟಿಗೆ ಅಡ್ಡ ಬಿದ್ದರು, ಬೇರೆ ಬೇರೆ ವಕೀಲರನ್ನಿಟ್ಟು. ಸಂರಕ್ಷಣೆ ಎಂದು ನಾನು ಕಣ್ಣಾರೆ ಕಂಡದ್ದು ಇದನ್ನೇ.

ನಡುವೆ ಒಂದು ವರ್ಷ ಕೆರೆ ತುಂಬಿತು. ನೀರು ಕಂಬಗಳ ಹತ್ತಿರದವರೆಗೆ ಬಂದು ನಿಂತಿತು. ಸಂಜೆ, ಮುಳುಗುವ ಸೂರ್ಯನ ಮುಂದೆ, ಕೊಕ್ಕರೆಗಳ ಸಾಲೊಂದು ನೀರಿನ ಮೇಲೆ ಹಾದುಹೋಯಿತು. ಇದನ್ನು ಓಡಿಸೋಣವೆಂದು ನೋಡಿದೆ. ಹೋಗಲಿಲ್ಲ, ನಿಜವಾದದ್ದೇ. ಏರಿಯ ಮೇಲೆ ಟ್ರಸ್ಟಿನವರು ಯಾರೂ ಇರಲಿಲ್ಲ.

ದೊಡ್ಡವ್ವ ತೀರಿಕೊಂಡ ಮೇಲೆ, ಎರಡೂ ಟ್ರಸ್ಟುಗಳ ಹೊಸಬರು ಸೇರಿ, ಆದದ್ದಾಯಿತು ಒಂದಾಗೋಣ ಎಂದರು. ಒಂದಾಗಿ ಸ್ಮರಣ ಸಂಚಿಕೆ ತರುವುದು, ಬಳಿಕ ಅರ್ಧಕ್ಕೆ ನಿಂತಿದ್ದ ಕಮಾನು ಮುಗಿಸುವುದು, ಬಳಿಕ ಮಂದಿರ. ಇತಿಹಾಸ ಬರೆಯಲು ನನಗೆ ಹೇಳಿದರು. ಆಮೇಲೆ ಮುಪ್ಪಾದ ಅಧ್ಯಕ್ಷರು ಮಗನ ಕಾರಿನಲ್ಲಿ ಮನೆಗೆ ಬಂದರು. ಚಾ ಕುಡಿದು, ‘ಆ ನಿಟ್ಟುಸಿರಿನ ಹತ್ರ ಒಂದು ಹೆಸರು ಹಾಕಿಬಿಡಪ್ಪ, ಗೊಂದಲ ಬೇಡ,’ ಎಂದರು.

‘ನಿಮ್ದೇ ಅಲ್ವೇನ್ರೀ?’ ಎಂದೆ.

ಮೇಷ್ಟ್ರು ಮರುದಿನ ಬಸ್ಸಿನಲ್ಲಿ ಬಂದರು. ಸೀಟಿ ಇನ್ನೂ ಕೊರಳಲ್ಲಿತ್ತು. ಅವರಿಗೂ ಚಾ ಕೊಟ್ಟು ಅದನ್ನೇ ಹೇಳಿದೆ. ಸಂಚಿಕೆ ಬರಲಿಲ್ಲ. ಕಮಾನೂ ಏರಲಿಲ್ಲ.

ಇದನ್ನು ಅಚ್ಚು ಹಾಕಿಸಿದರೆ ಅವರ ಕಡೆಯವರು ಓದಿ, ನಿಜ ತಿಳಿದು, ಒಂದಾಗಿಬಿಟ್ಟಾರೆಂಬ ಹೆದರಿಕೆ ನನಗಿಲ್ಲ. ಅವರು ಓದುವುದು ತಮ್ಮವರ ಹೆಸರಿರುವ ಪುಟವನ್ನು ಮಾತ್ರ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ.